ಚಡಾವಿನಲ್ಲಿ ಮೊಳೆತ ಕಡಲೆ

೧೬ ಜನವರಿ ೧೯೩೮, ರವಿವಾರ

ಕೇಳಿರಿ, ಸಭಿಕರೇ, ಕೇಳಿರಿ. ಮುಂದಿನ ಚಾಪೆಯಲ್ಲಿ ಕುಳಿತ ಹಿರಿಯರೇ, ಹಿಂದೆ ಚಕ್ಕಡಿಯ ಮೇಲೆ ನಿಂತ ತರುಣರೇ, ಬೇವಿನ ಮರ ಏರಿದ ಪುಂಡರೇ, ಎಲೆಯಡಿಕೆ ಉಗುಳುವುದನ್ನು ಒಂದು ಗಳಿಗೆ ನಿಲ್ಲಿಸಿ ಈ ಕಡೆ ಕಿವಿಗೊಡಿರಿ. ಸನವಳ್ಳಿಯ ನಾಟಕದ ಮಾಸ್ತರ ಚನಬಸಪ್ಪನ ಏಕಮಾತ್ರ ಪುತ್ರ, ಹದಿನೇಳು ವರುಷದ ಉಳವಪ್ಪನೆಂಬ ನಾನು, ನನ್ನ ಪಾದಗಳ ಚರಿತ್ರೆಯನ್ನು ಇಂದಿನಿಂದ ಬರೆಯಲಾರಂಭಿಸಿದ್ದೇನೆ.

ಸಭಿಕರು ಎಂದರೆ ಸದ್ಯಕ್ಕೆ ಎರಡು ಎತ್ತು, ಒಂದು ಕರು. ನಾನು ಕುಳಿತಿರುವುದು ಹುಲ್ಲಿನ ಬಣವೆಯ ಹಿಂದೆ. ಈ ಪುಸ್ತಕವನ್ನು ಯಾರೂ ಓದಕೂಡದು. ಆದರೆ ಎದುರಿಗೆ ಜನ ಕುಳಿತಿದ್ದಾರೆ ಎಂದುಕೊಳ್ಳದೆ ನನಗೆ ಬಾಯಿ ತೆರೆಯಲು ಬರುವುದಿಲ್ಲ. ನಾನು ಬೆಳೆದದ್ದೇ ಹಾಗೆ. ತೊಟ್ಟಿಲಿನ ಈ ಕಡೆ ಅವ್ವ ಜೋಗುಳ ಹಾಡುತ್ತಿದ್ದರೆ ಆ ಕಡೆ ಅಪ್ಪ ಯಾರಿಗೋ ರಾಕ್ಷಸನ ಮಾತು ಕಲಿಸುತ್ತಿದ್ದನಂತೆ.

ಇನ್ನು ಪಾದ. ಉದ್ದ ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಗಲ ಹೇಳಲು ನಾಚಿಕೆ. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪ ನನಗೆ ರಾಣಿಯ ಪಾತ್ರ ಕೊಟ್ಟಿದ್ದ. ಮುಖ ಚೆನ್ನಾಗಿತ್ತು, ಕಂಠ ಚೆನ್ನಾಗಿತ್ತು. ಪರದೆ ಎದ್ದಿತು, ಸೀರೆಯ ನೆರಿಗೆಯ ಕೆಳಗಿನಿಂದ ಎರಡು ಪಾದ ಹೊರಗೆ ಬಂದವು, ಬೇವಿನ ಮರದಿಂದ ಒಬ್ಬ ಕೂಗಿದ: "ರಾಣಿ ದೋಣ್ಯಾಗ ಕುಂತು ಬಂದಾಳ್ರೋ." ಆ ದಿನದಿಂದ ನಾನು ದೋಣಿಗಾಲ ಉಳವಪ್ಪ.

ಕಾಲಿಗೆ ಮೆಟ್ಟುವ ಜೋಡಿನ ಮಾತಂತೂ ಕೇಳಲೇಬೇಡಿ. ಹೋದ ವರುಷ ಹಳಿಯಾಳದ ಪೇಟೆಯಲ್ಲಿ ಅಂಗಡಿಯವನು ಇದ್ದಬದ್ದ ಜೋಡನ್ನೆಲ್ಲ ಇಳಿಸಿ, ಏದುಸಿರು ಬಿಟ್ಟು, ಕೊನೆಗೆ ಜೋಡು ಬರುವ ರಟ್ಟಿನ ಡಬ್ಬಿಗಳನ್ನು ಮುಂದಿಟ್ಟ. "ಇದನ್ನ ಹಾಕ್ಕೊಂಡು ನೋಡಪಾ, ಸರಿಯಾಗಬಹುದು." ಹಾಕಿಕೊಂಡು ನೋಡಿದೆ. ಸರಿಯಾಯಿತು.

ಇಷ್ಟನ್ನು ಯಾಕೆ ಹೇಳಿದೆನೆಂದರೆ, ಬರುವ ಹೋಳಿ ಹುಣ್ಣಿಮೆಗೆ ಊರಲ್ಲಿ ವಜ್ರಕೇತು ಮಹಾರಾಜನ ಆಟ ಇದೆ. ಹಳೆಯ ಅರಸ ಅಡಿವೆಯ್ಯನಿಗೆ ಮೊಣಕಾಲು ಹಿಡಿದಿದೆ. ಹೊಸ ಅರಸ ಬೇಕು. ನಮ್ಮೂರಲ್ಲಿ ಅರಸನನ್ನು ಮನುಷ್ಯರು ಆರಿಸುವುದಿಲ್ಲ, ಚಡಾವು ಆರಿಸುತ್ತದೆ. ಚಡಾವು ಎಂದರೆ ಮೂತಿ ಮೇಲಕ್ಕೆ ಸುರುಳಿ ಸುತ್ತಿದ, ಜರಿ ಹೊಲಿದ, ಮುತ್ತಜ್ಜನ ಕಾಲದ ರಾಜಜೋಡು. ಅದು ನಮ್ಮ ಮನೆಯ ಆಟದ ಪೆಟ್ಟಿಗೆಯಲ್ಲಿರುತ್ತದೆ. ಯಾರು ಅದನ್ನು ಮೆಟ್ಟಿ ಹಿಮ್ಮಡ ಕಾಣದಂತೆ, ಜಾರದಂತೆ ಏಳು ಹೆಜ್ಜೆ ನಡೆಯುತ್ತಾನೋ ಅವನೇ ವಜ್ರಕೇತು. ಫೆಬ್ರವರಿ ಹದಿನಾಲ್ಕರ ಸೋಮವಾರ ಮುಂಜಾನೆ ಆ ಶಾಸ್ತ್ರ.

ಅರಸನ ಮಾತು ನನಗೆ ಐದು ವರುಷದಿಂದ ಬಾಯಿಪಾಠ. ನನ್ನ ಧ್ವನಿಗೆ ಕೆರೆಯ ಆಚೆ ದಂಡೆಯ ಕೊಕ್ಕರೆ ಹಾರುತ್ತದೆ. ಆದರೆ ಆ ಚಡಾವು ಕಾಕನ ಮಗ ಅಂದಾನೆಪ್ಪನಂಥವನ ಕಾಲಿನ ಅಳತೆಯದು. ಅವನ ಪಾದ ವೀಳ್ಯದೆಲೆಯಷ್ಟು. ಧ್ವನಿಯೂ ಅಷ್ಟೇ.

೧೯ ಜನವರಿ

ಅವ್ವ ಇವತ್ತು ಅಂಗಳ ಸಾರಿಸಿದ್ದಳು. ಆರುವ ಮೊದಲೇ ನಾನು ದಾಟಿ ಬಂದೆ.

"ಏ ದೋಣಿ, ಮ್ಯಾಲಿಂದ ಹಾರಿ ಬರಾಕ ಆಗೂದಿಲ್ಲೇನ? ಒಂದು ಹೆಜ್ಜಿಗೆ ಒಂದು ಬುಟ್ಟಿ ಸಗಣಿ ಸಾಲೂದಿಲ್ಲ ನೋಡು ನಿನಗ" ಎಂದು ಅವ್ವ ಶಿವವ್ವ ಇಡೀ ಓಣಿಗೆ ಕೇಳುವಂತೆ ಅಂದಳು. ನನ್ನ ಕಂಠ ಎಲ್ಲಿಂದ ಬಂತು ಎಂಬುದು ಊರಿಗೇ ಗೊತ್ತು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಪ್ಪ ಅಂಗಳದಲ್ಲಿ ಮೊಣಕಾಲೂರಿ ಕುಳಿತು ಏನೋ ಮಾಡುತ್ತಿದ್ದ. ಕೈಯಲ್ಲಿ ಒಂದು ದಾರ. ನನ್ನನ್ನು ಕಂಡವನೇ ದಾರ ಮಡಚಿ ಜೇಬಿಗಿಟ್ಟು, "ಸೂಜಿ ಬಿದ್ದಿತ್ತು" ಎಂದ. ಅಪ್ಪನಿಗೆ ಕಣ್ಣು ಮಂದವಾಗುತ್ತಿದೆ ಎಂದು ಕಾಣುತ್ತದೆ.

ಅಪ್ಪ ನನ್ನ ನಟನೆಯ ಬಗ್ಗೆ ಇದುವರೆಗೆ ಹೇಳಿದ್ದು ಎರಡೇ ಮಾತು. ಒಂದು, "ಒದರಬ್ಯಾಡ." ಇನ್ನೊಂದು, "ಇಷ್ಟ್ಯಾಕ ಒದರ್ತೀ?"

೨೪ ಜನವರಿ

ಪೆಟ್ಟಿಗೆಯ ಕೀಲಿ ದೇವರ ಜಗಲಿಯ ಮೇಲೆ ವಿಭೂತಿಯ ಬಟ್ಟಲಿನ ಹಿಂದೆ ಇರುತ್ತದೆ. ಅವ್ವ ನೀರಿಗೆ ಹೋದಾಗ ತೆಗೆದೆ. ಔಡಲೆಣ್ಣೆ ಹಚ್ಚಿಕೊಂಡು ಬಲಗಾಲನ್ನು ಚಡಾವಿಗೆ ತೂರಿಸಿದೆ. ಬೆರಳುಗಳು ಒಳಗೆ ಹೋದವು, ನಾನು ಹೊರಗೆ ಉಳಿದೆ. ದೂಡಿದೆ. ಇನ್ನಷ್ಟು ದೂಡಿದೆ. ಆಮೇಲೆ ಹೊರಗೆ ಬರಲೊಲ್ಲದು. ಕಂಬಕ್ಕೆ ಒದೆಕೊಟ್ಟು ಎಳೆಯುವಾಗ ಅವ್ವ ಬಂದಳು. ಕಾಲನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಮಲಗಿದೆ.

"ಹೊತ್ತೇರಿದ ಮ್ಯಾಲ ಮಲಗೂದು ಎಂಥಾದ್ದು? ಜ್ವರ ಏನ?"

"ಹೂಂ."

ಕಷಾಯ ಮಾಡಿ ಕುಡಿಸಿದಳು. ಅರಸನಾಗಲು ಪಡಬಾರದ ಪಾಡು.

೩೦ ಜನವರಿ

ಸಭಿಕರೇ, ಚಪ್ಪಾಳೆ ತಟ್ಟಿರಿ. ದಾರಿ ಸಿಕ್ಕಿತು.

ಅವ್ವ ನಿನ್ನೆ ಸಣ್ಣ ಬಾಯಿಯ ಮಡಕೆಯಲ್ಲಿ ಕಡಲೆ ನೆನೆಹಾಕಿ ಮೇಲೆ ಗುಂಡುಕಲ್ಲು ಹೇರಿದ್ದಳು. ಮುಂಜಾನೆ ನೋಡಿದರೆ ಮಡಕೆ ಸೀಳಿಕೊಂಡು ಬಿದ್ದಿತ್ತು. "ಕಡ್ಲಿ ಉಬ್ಬಿದ್ರ ಗ್ವಾಡಿ ಸೈತ ಬಿರಿತೈತಿ" ಎಂದಳು. ನಾನು ಒಡೆದ ಮಡಕೆಯನ್ನು ಬಹಳ ಹೊತ್ತು ನೋಡುತ್ತ ನಿಂತೆ. ಗೋಡೆ ಬಿರಿಸುವ ಕಡಲೆಗೆ ಒಂದು ಜೋಡು ಹಿಗ್ಗಿಸುವುದು ಯಾವ ಲೆಕ್ಕ?

೧ ಫೆಬ್ರವರಿ

ಸಂಜೆ ಎರಡೂ ಚಡಾವಿನೊಳಗೆ ಕಡಲೆ ತುಂಬಿ, ನೀರು ಹನಿಸಿ, ಹಸಿಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟೆ. ಒಂದು ರಾತ್ರಿ ಸಾಕು. ನಾಳೆ ಅವ್ವ ನೀರಿಗೆ ಹೋದಾಗ ತೆಗೆದುಬಿಡುತ್ತೇನೆ.

೨ ಫೆಬ್ರವರಿ, ಹಳಿಯಾಳದ ದಾರಿಯಲ್ಲಿ

ನಸುಕಿನಲ್ಲೇ ಅಪ್ಪ ಎಬ್ಬಿಸಿ, "ಚಕ್ಕಡಿ ಹೂಡು. ದಾಂಡೇಲಿ ಡಿಪೋಕ್ಕ ಹೋಗೂಣು. ರಂಗಮಂಚಕ್ಕ ಹಲಗಿ ಬೇಕು, ಹ್ವಾದ ಸಲ ನೀ ಕುಣದು ಮುರದದ್ದು ಹಂಗ ಐತಿ" ಎಂದ.

"ಇವತ್ತ?"

"ಮತ್ತ್ಯಾವತ್ತು? ಆಟ ಮುಗದ ಮ್ಯಾಲ?"

ಅವ್ವ ಜಗಲಿಯ ಮುಂದೆ ಲಿಂಗಪೂಜೆಗೆ ಕುಳಿತಿದ್ದಳು. ಕೀಲಿ ಅವಳ ಕಣ್ಣೆದುರಿಗೇ. ನಾನು ಮೂರು ಸಲ ಒಳಗೆ ಹೋಗಿ ಮೂರು ಸಲ ಹೊರಗೆ ಬಂದೆ. "ಏನ್ ಬೇಕೋ?" ಎಂದಳು. "ಆಶೀರ್ವಾದ" ಎಂದೆ.

೩ ಫೆಬ್ರವರಿ

ಈಗ ಕಡಲೆ ಚೆನ್ನಾಗಿ ನೆನೆದಿರಬೇಕು.

೪ ಫೆಬ್ರವರಿ, ದಾಂಡೇಲಿ

ಡಿಪೋದಲ್ಲಿ ಆನೆ ಗಾತ್ರದ ಸಾಗವಾನಿ ದಿಮ್ಮಿಗಳು. ಹಲಗೆ ಕೊಯ್ಯುವವರಿಗೆ ಜ್ವರವಂತೆ, ಇನ್ನೆರಡು ದಿನ ಕಾಯಬೇಕಂತೆ. ಅಳ್ನಾವರದ ರೈಲು ಬಂದು ಕೂಗಿತು. ಬೇರೆ ದಿನವಾಗಿದ್ದರೆ ಅದಕ್ಕೆ ಎದುರಾಗಿ ನಾನೂ ಕೂಗುತ್ತಿದ್ದೆ.

ದಿಮ್ಮಿ ಉರುಳಿಸುವ ಸೋಮಿಬಾಯಿ ಎಂಬ ತಾಂಡಾದ ಮುದುಕಿ ನನ್ನ ಕಾಲನ್ನು ನೋಡಿ ನಿಂತಳು. ಇನ್ನು ಏನನ್ನುತ್ತಾಳೋ ಎಂದು ಹಲ್ಲು ಕಚ್ಚಿಕೊಂಡೆ. "ಛಲೋ ಕಾಲು. ಕೆಸರಿನ್ಯಾಗ ಹೂಳೂದಿಲ್ಲ" ಎಂದು ಹೇಳಿ ಕೆಲಸಕ್ಕೆ ಹೋದಳು. ಹಾಸ್ಯವೋ ಅಲ್ಲವೋ ತಿಳಿಯಲಿಲ್ಲ.

ಅಪ್ಪ ಊಟಕ್ಕೆ ಕುಳಿತಾಗ ಕೇಳಿದ: "ಯಾಕ, ಮೂರು ದಿನದಿಂದ ಒದರೇ ಇಲ್ಲ? ಆರಾಮ ಇಲ್ಲೇನ?"

೬ ಫೆಬ್ರವರಿ

ಮೊಳಕೆ ಬಂದಿರಬೇಕು.

೮ ಫೆಬ್ರವರಿ, ಸನವಳ್ಳಿ

ಮನೆಯ ಹೊಸ್ತಿಲಲ್ಲೇ ಅವ್ವ ಹೇಳಿದಳು: "ಪೆಟ್ಟಿಗ್ಯಾಗ ಏನೋ ನಾರಾಕತ್ತೈತಿ. ಇಲಿ ಸತ್ತಿರಬೇಕು."

ಅಪ್ಪ ಕೈಕಾಲು ತೊಳೆದುಕೊಳ್ಳುತ್ತ ತಾನೇ ಕೀಲಿ ತೆಗೆದು ನನ್ನ ಕೈಗೆ ಕೊಟ್ಟ. "ಇಲಿ ತಗದು ಒಗಿ. ನಾಳೆ ಚಡಾವು ಒಯ್ದು ಮುಂಡಗೋಡದ ದ್ಯಾಮಪ್ಪಗ ಮೆರಗಿಗೆ ಕೊಟ್ಟು ಬಾ." ಶಾಸ್ತ್ರಕ್ಕೆ ಮೊದಲು ಚಡಾವು ಮುಂಡಗೋಡದ ಮೋಚಿಯ ಹತ್ತಿರ ಎಣ್ಣೆ, ಮೆರುಗಿಗೆ ಹೋಗುವುದು ಮೊದಲಿನಿಂದಲೂ ಬಂದ ಪದ್ಧತಿ.

ಪೆಟ್ಟಿಗೆ ತೆರೆದೆ. ಸಭಿಕರೇ, ಹೆಂಗಸರು ಮಕ್ಕಳು ಮುಖ ತಿರುಗಿಸಿರಿ. ಎಡಗಾಲಿನದು ಗರ್ಭಿಣಿಯಂತೆ ಉಬ್ಬಿ ಕುಳಿತಿತ್ತು. ಬಲಗಾಲಿನದು ಮೂತಿಯಿಂದ ಹಿಮ್ಮಡದವರೆಗೆ ಸೀಳಿತ್ತು. ಸೀಳಿದಲ್ಲಿಂದ ಬಿಳಿ ಮೊಳಕೆಗಳು ಹೊರಗೆ ಬಂದು, ಒಳಗೆ ಯಾರೋ ಅರಸ ಬೆರಳು ಆಡಿಸುತ್ತಿರುವಂತೆ ಕಾಣುತ್ತಿತ್ತು.

"ಇಲಿ ಸಿಕ್ತೇನ?" ಎಂದು ಅವ್ವ ಕೇಳಿದಳು.

"ಸಿಕ್ತು" ಎಂದೆ.

೯ ಫೆಬ್ರವರಿ

ಬರಿಗಾಲಲ್ಲಿ ಮುಂಡಗೋಡಕ್ಕೆ ಹೋದೆ. ಯಾವಾಗಲೂ ಹೋಗುವುದು ಹಾಗೆಯೇ. ದ್ಯಾಮಪ್ಪ ಎಂಬ ಮುದುಕ ಪೇಟೆಯ ತುದಿಯಲ್ಲಿ ಹುಣಸೆಮರದ ಕೆಳಗೆ ಗೋಣಿತಟ್ಟು ಹಾಸಿಕೊಂಡು ಕೂಡುತ್ತಾನೆ. ಗಂಟು ಅವನ ಮುಂದಿಟ್ಟು ಆ ಕಡೆ ಮುಖ ಮಾಡಿ ನಿಂತೆ.

ಅವನು ಬಿಚ್ಚಿದ. ಒಂದು ಮೊಳಕೆ ಕಿತ್ತು ಬಿಸಿಲಿಗೆ ಹಿಡಿದು ನೋಡಿದ.

"ಕಡ್ಲಿ ಛಲೋ ಹುಟ್ಯಾವ್ರಿ ಸಣ್ಣ ಮಾಸ್ತರ್ರ. ಇನ್ನೊಂದು ತಿಂಗಳ ಬಿಟ್ಟಿದ್ರ ಹಸಿಕಡ್ಲಿ ಸುಲಗಾಯಿ ತಿನ್ನಬಹುದಿತ್ತು."

ನಾನು ಎಲ್ಲವನ್ನೂ ಹೇಳಿಬಿಟ್ಟೆ. ರಾಣಿಯಿಂದ ಹಿಡಿದು ರಟ್ಟಿನ ಡಬ್ಬಿಯವರೆಗೆ. ಅವನು ನಗಲಿಲ್ಲ. ಉಳಿಯಿಂದ ಚಡಾವಿನ ಹೊಲಿಗೆ ಬಿಡಿಸತೊಡಗಿದ. ಒಳಗಿನಿಂದ ಒಂದು ಪದರ ತೊಗಲು ಬಂತು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮಡಚಿ ಹೊಲಿದ ಒಂದು ಅಂಚು. ಬಿಚ್ಚಿದಂತೆ ಚಡಾವು ದೊಡ್ಡದಾಗುತ್ತ ಹೋಯಿತು.

"ಇದು ಅಡಿವೆಯ್ಯನವರ ಪದರ, ನಾನ ಹಾಕಿದ್ದು. ಇದು ಅವರಕಿಂತ ಮೊದಲಿನ ಅರಸಂದು, ನಮ್ಮಪ್ಪ ಹಾಕಿದ್ದು. ತಳದಾಗ ಇದ್ದದ್ದು ನಿಮ್ಮ ಮುತ್ತಜ್ಜಂದು. ನೋಡ್ರಿ, ಅವರದೂ ದೋಣೀನ."

"ಅಂದ್ರ ಚಡಾವು ಅರಸನ್ನ ಆರಿಸೂದಿಲ್ಲ?"

"ತೊಗಲು ಯಾರನ್ನ ಆರಿಸ್ತೈತ್ರಿ? ಮಾಸ್ತರು ಆರಿಸ್ತಾರ. ಅಳತಿ ಕೊಡ್ತಾರ. ನಾವು ಮೆರಗು ಹಚ್ಚತೇವಿ." ಕೊನೆಯ ಮಾತು ಹೇಳುವಾಗ ಕಣ್ಣು ಸಣ್ಣ ಮಾಡಿದ.

ಹಾಗಾದರೆ ಈ ಸಲದ ಅಳತೆ? ಕೇಳಲು ಧೈರ್ಯ ಬರಲಿಲ್ಲ. ಅಂದಾನೆಪ್ಪನದೇ ಇರಬೇಕು. ದ್ಯಾಮಪ್ಪ ತಗಡಿನ ಡಬ್ಬಿಯಿಂದ ಒಂದು ದಾರ ತೆಗೆದ. ಎರಡು ತುದಿಗೆ ಎರಡು ಗಂಟು. "ಕಾಲು ಚಾಚ್ರಿ" ಎಂದ. ನಾನು ಅವನ ಗೋಣಿತಟ್ಟಿನ ಮೇಲೆ ಕುಳಿತು ಚಾಚಿದೆ. ಒಂದು ಗಂಟು ಹಿಮ್ಮಡಕ್ಕೆ, ಇನ್ನೊಂದು ಹೆಬ್ಬೆರಳಿಗೆ. ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ.

"ಹದಿನೈದು ಇಪ್ಪತ್ತು ದಿನ ಆತು, ನಿಮ್ಮಪ್ಪಾರು ಬಂದು ಕೊಟ್ಟು ಹೋಗ್ಯಾರ. ಇದು ಯಾರ ಕಾಲ್ರಿ ಅಂತ ಕೇಳಿದೆ. ನಮ್ಮ ಅಂಗಳದಾಗ ಬಿದ್ದಿತ್ತು ಅಂದ್ರು."

ಸೂಜಿ ಬಿದ್ದಿತ್ತು ಎಂದಿದ್ದ ಅಪ್ಪ. ದಾರವನ್ನು ಇನ್ನೊಮ್ಮೆ ಹಿಮ್ಮಡಕ್ಕೆ ಹಿಡಿದು ನೋಡಿದೆ.

"ಒಂದು ವಾರ ತಡಕೊಂಡಿದ್ರ ನಾನ ಬಿಚ್ಚಿ ಹಿಗ್ಗಿಸಿ ಕೊಡ್ತಿದ್ದೆ. ಕಡ್ಲಿ ಹಾಳು, ತೊಗಲು ಹಾಳು. ಇರಲಿ, ಶನಿವಾರ ಬರ್ರಿ. ಹೊಲಿದಿಡ್ತೇನಿ. ಯಾರಿಗೂ ತಿಳಿಯೂದಿಲ್ಲ."

ಆಮೇಲೆ ಇನ್ನೊಂದು ದಾರ ತೆಗೆದು ನನ್ನ ಬೆರಳು ಬೆರಳನ್ನೂ ಅಳೆದ. ಅದು ಯಾತಕ್ಕೆ ಎಂದರೆ, "ಬರಿಗಾಲಾಗ ಬಂದೀರಿ. ಎರಡು ಸೇರು ಕಡ್ಲಿ ತಂದು ಕೊಡ್ರಿ. ಒಣವು" ಎಂದ.

೧೧ ಫೆಬ್ರವರಿ

ನಾನೇ ಅರಸ. ಸೋಮವಾರ ಚಡಾವು ನನ್ನ ಕಾಲಿಗೆ ಹೇಳಿ ಮಾಡಿಸಿದಂತೆ ಕೂಡುತ್ತದೆ. ಹೇಳಿ ಮಾಡಿಸಿದ್ದೇ ಅಲ್ಲವೇ? ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಕುಳಿತೆ. ಯಾಕೋ ಸಾಧಾರಣ ಅಕ್ಷರವೇ ಬಂತು.

ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಅಂದಾನೆಪ್ಪ ಕುಳಿತಿದ್ದ. ತನ್ನ ಪಾದಗಳಿಗೆ ಬೆಣ್ಣೆ ಹಚ್ಚಿ ತಿಕ್ಕುತ್ತಿದ್ದ.

"ಏನ್ ಮಾಡಾಕತ್ತೀ?"

"ದೊಡ್ಡವು ಆಗಲಿ ಅಂತ ತಿಕ್ಕಾಕತ್ತೇನಿ. ಹ್ವಾದ ಸಲ ಆಟ ಮುಗದ ಮ್ಯಾಲ ಸುಮ್ಮನ ಮೆಟ್ಟಿ ನೋಡಿದ್ದೆ, ಅಡಿವೆಯ್ಯ ಮಾವನ ಚಡಾವು ನನಗ ಎರಡು ಬೆರಳು ದೊಡ್ಡದು. ಐದು ಸೋಮವಾರ ಒಪ್ಪತ್ತು ಮಾಡೇನಿ ಅಣ್ಣಾ. ಒಲದ್ರ ಒಲೀಲಿ, ಇಲ್ಲಂದ್ರ ಅದರ ಇಚ್ಛಾ. ಚಡಾವು ಸುಳ್ಳು ಹೇಳೂದಿಲ್ಲ."

ನಾನು ಕೆರೆಯ ಕಡೆ ನೋಡಿದೆ.

"ನಿನ್ನ ಕಾಲು ನನಗ, ನನ್ನ ಕಾಲು ನಿನಗ ಕೊಟ್ಟಿದ್ರ ಇಬ್ರೂ ಸುಖದಾಗ ಇರ್ತಿದ್ವಿ ನೋಡು" ಎಂದು ನಕ್ಕ. ಆಮೇಲೆ ಅರಸನ ಮಾತು ಒಪ್ಪಿಸುತ್ತೇನೆ, ತಪ್ಪಿದರೆ ಹೇಳು ಎಂದ. ವಜ್ರಕೇತು ಕೋಟೆ ಕಳೆದುಕೊಂಡು ಬಂದ ಪ್ರಸಂಗ. ಅಲ್ಲಿ ನಾನಾದರೆ ಆಕಾಶಕ್ಕೆ ಕೈ ಎತ್ತಿ ಗುಡುಗುತ್ತೇನೆ. ಇವನು ಬೆಣ್ಣೆಗಾಲು ಚಾಚಿಕೊಂಡೇ, ಮನೆಯ ಸುದ್ದಿ ಹೇಳುವವನಂತೆ, "ನನ್ನ ಕೋಟೆಯ ಬಾಗಿಲು ತೆರೆದದ್ದು ವೈರಿಯಲ್ಲ, ನಾನು" ಎಂದ. ಬಟ್ಟೆ ಒಗೆಯುತ್ತಿದ್ದ ಈರಕ್ಕ ಕೈ ನಿಲ್ಲಿಸಿ ಕೇಳಿದಳು. ಆಮೇಲೆ ಒಂದು ಕಡೆ ಅವನು ತಪ್ಪಿದ. ನಾನು ಹೇಳಿಕೊಡಲು ಮರೆತೆ.

ಆದರೂ ಮೂರನೆಯ ಸಾಲಿನಾಚೆ ಆ ಧ್ವನಿ ಕೇಳುವುದಿಲ್ಲ. ಇದು ಸತ್ಯ.

೧೨ ಫೆಬ್ರವರಿ, ಶನಿವಾರ

ಕಡಲೆ ಕೊಟ್ಟು ಬಂದೆ. ದ್ಯಾಮಪ್ಪ ಕಾಕಾ ಚಡಾವನ್ನು ಚೆನ್ನಾಗಿಯೇ ಹೊಲಿದಿದ್ದಾನೆ. ಸೀಳಿದ ಕಡೆ ಜರಿಯ ಬಳ್ಳಿ ಕೂಡಿಸಿದ್ದಾನೆ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಚಪ್ಪಲಿಯನ್ನೂ ಕೊಟ್ಟ. "ಮೆಟ್ಟಿ ನೋಡ್ರಿ" ಎಂದ. ಮೆಟ್ಟಿದೆ. "ಹೆಂಗೈತಿ?" ಎಂದ. ಏನೂ ಆಗಲಿಲ್ಲ ಎಂದೆ. "ಏನೂ ಆಗಬಾರದ್ರಿ, ಅದ ಕೆಲಸ" ಎಂದ.

ಬರುವಾಗ ರಸ್ತೆ ಬಿಟ್ಟು ಕಾಡಿನಂಚಿನ ದಾರಿ ಹಿಡಿದೆ. ಅದು ಎರಡು ಮೈಲು ಸುತ್ತು. ಮುತ್ತುಗ ಹೂ ಬಿಟ್ಟಿದೆ. ಒಂದು ನವಿಲು ಬಹಳ ಹೊತ್ತು ಎದುರಿಗೇ ನಿಂತಿತ್ತು, ನಾನೂ ನಿಂತೆ. ದಾರಿಯುದ್ದಕ್ಕೂ ಅಂದಾನೆಪ್ಪನ ಆ ಒಂದು ಸಾಲನ್ನು ಮೆಲ್ಲಗೆ ಹೇಳಿ ಹೇಳಿ ನೋಡಿದೆ. ಮನೆಗೆ ಬಂದಾಗ ಬಿಸಿಲು ಇಳಿದಿತ್ತು.

"ಮುಂಡಗೋಡಕ್ಕ ಹ್ವಾದವ ಕಾಶಿಗೆ ಹೋಗಿ ಬಂದ್ಯೇನು?" ಎಂದಳು ಅವ್ವ.

೧೩ ಫೆಬ್ರವರಿ, ರವಿವಾರ

ಮುಂಜಾನೆ ಅಪ್ಪ ಪಡಸಾಲೆಯಲ್ಲಿ ಕಿರೀಟಕ್ಕೆ ಬೇಗಡೆ ಅಂಟಿಸುತ್ತಿದ್ದ. ಚಡಾವನ್ನು ಮುಂದಿಟ್ಟೆ. ಕೈಯಲ್ಲಿ ಹಿಡಿದು ತಿರುಗಿಸಿದ. ಜರಿಯ ಬಳ್ಳಿಯ ಮೇಲೆ ಹೆಬ್ಬೆರಳು ಓಡಿಸಿ ನಿಲ್ಲಿಸಿದ.

"ಇಲ್ಲೇನಾಗೇತಿ?"

"ಮೆರಗು" ಎಂದೆ.

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಕಾಲಿನ ಚಪ್ಪಲಿ ನೋಡಿದ. ಬೇಗಡೆ ಎತ್ತಿಕೊಳ್ಳುತ್ತ, "ನಾಳೆ ಶಾಸ್ತ್ರದಾಗ ಒದರಬ್ಯಾಡ. ಅರಸ ಆದ ಮ್ಯಾಲ ಒದರೂದು ಇದ್ದ ಐತಿ" ಎಂದ. ನನ್ನ ನಟನೆಯ ಬಗ್ಗೆ ಅಪ್ಪ ಹೇಳಿದ ಮೂರನೆಯ ಮಾತು ಇದು.

ಅದೇ ಹೊತ್ತಿಗೆ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ, ಅವ್ವ ರೊಟ್ಟಿಗೆ ಕರೆದಳು, ಹೋದೆ.

ಈಗ ಬಣವೆಯ ಹಿಂದೆ ಕುಳಿತು ಯೋಚಿಸುತ್ತಿದ್ದೇನೆ. ಸುಮ್ಮನಿದ್ದರೆ ನಾಳೆ ಏಳು ಹೆಜ್ಜೆಗೆ ನಾನು ವಜ್ರಕೇತು. ಅಂದಾನೆಪ್ಪ ಬೆಣ್ಣೆ ಒರೆಸಿಕೊಂಡು, ಚಡಾವು ಸುಳ್ಳು ಹೇಳುವುದಿಲ್ಲ ಎಂದುಕೊಂಡು ಮನೆಗೆ ಹೋಗುತ್ತಾನೆ. ದಾರದ ಸುದ್ದಿ ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ದ್ಯಾಮಪ್ಪ ಕಾಕನ ಹೊಟ್ಟೆಪಾಡಿಗೂ ಕಲ್ಲು ಬೀಳುತ್ತದೆ. ಅದು ಅವರ ಗುಟ್ಟು, ಅವರೇ ಇಟ್ಟುಕೊಳ್ಳಲಿ. ಆದರೆ ಕಡಲೆ ನನ್ನದು.

ನಿನ್ನೆ ಮುಂಡಗೋಡದಿಂದ ಬರುವಾಗ ದ್ಯಾಮಪ್ಪ ಕಾಕನಿಂದ ಆ ಎರಡು ಗಂಟಿನ ದಾರವನ್ನು ಕೇಳಿ ತಂದಿದ್ದೆ. ಈ ಪುಸ್ತಕದ ನಡುವೆ ಇಟ್ಟಿದ್ದೇನೆ. ಅರಸನ ಪಾತ್ರ ಹೋದರೂ ಇದು ನನ್ನ ಹತ್ತಿರ ಉಳಿಯುತ್ತದೆ.

ಎರಡು ಎತ್ತುಗಳೇ, ಒಂದು ಕರುವೇ, ಇಷ್ಟೇ ಉಳಿದದ್ದು. ನಾಳೆ ಮುಂಜಾನೆ ನಿಮಗೆ ನೀರು ಕುಡಿಸಿ, ಮಿಂದು, ವಿಭೂತಿ ಹಚ್ಚಿಕೊಂಡು, ದ್ಯಾಮಪ್ಪ ಕಾಕಾ ಮಾಡಿಕೊಟ್ಟ ಚಪ್ಪಲಿ ಮೆಟ್ಟಿ, ಎಲ್ಲರಿಗಿಂತ ಮೊದಲು ಹೋಗಿ ಹಿರಿಯರ ಚಾಪೆಯ ಎದುರಿಗೆ ನಿಲ್ಲುತ್ತೇನೆ. ನಿಲ್ಲುವ ಮೊದಲು ಅಪ್ಪನನ್ನು ಒಂದು ಕಡೆ ಕರೆದು ಹೇಳುತ್ತೇನೆ. ಆಮೇಲೆ ಚಡಾವಿನ ಸೀಳನ್ನು ಎಲ್ಲರಿಗೂ ತೋರಿಸಿ, ಇದರೊಳಗೆ ಕಡಲೆ ತುಂಬಿದವನು ನಾನು, ಕಡಲೆ ತಿಂದ ಜೋಡಿಗೆ ಅರಸನನ್ನು ಆರಿಸುವ ಹಕ್ಕು ಉಳಿದಿಲ್ಲ, ಅಂದಾನೆಪ್ಪನ ಮತ್ತು ನನ್ನ ಮಾತು ಕೇಳಿ ನೀವೇ ಆರಿಸಿರಿ ಎನ್ನುತ್ತೇನೆ. ಬೇವಿನ ಮರದವರು ದೋಣಿ ಬಂತು ಎಂದು ಕೂಗಿಯೇ ಕೂಗುತ್ತಾರೆ. ಅವರು ಕೂಗಿ ಮುಗಿಸುವವರೆಗೆ ಕಾಯುತ್ತೇನೆ. ಆಮೇಲೆ ಕೋಟೆ ಕಳೆದುಕೊಂಡ ಆ ಸಾಲನ್ನು, ಒದರದೆ, ಹೇಳುತ್ತೇನೆ.